ಕೆಲಸ ಬಿಟ್ಟವರ ಲೆಕ್ಕ ಎರಡು ದಿನದಲ್ಲಿ ಚುಕ್ತಾ ಆಗಲಿ

ಮಾನ್ಯ ಸಂಪಾದಕರೇ,

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಎಲ್ಲಿಯದೇ ಸಣ್ಣ ಕಾರ್ಖಾನೆಯಾಗಲಿ, ಕೆಲಸ ಬಿಡುವ ಹುಡುಗನಿಗೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ‘ಮುಂದಿನ ತಿಂಗಳು ಸಂಬಳದ ದಿನ ಬಾ, ಎಲ್ಲ ಸೇರಿಸಿ ಕೊಡೋಣ.’ ಆ ದಿನ ಬಂದರೆ ಮಾಲೀಕರು ಊರಲ್ಲಿರುವುದಿಲ್ಲ, ಲೆಕ್ಕ ಬರೆಯುವವರು ರಜೆಯಲ್ಲಿರುತ್ತಾರೆ. ಮೂರು ಸಲ ಅಲೆದವನು ನಾಲ್ಕನೆಯ ಸಲ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತುತ್ತಾನೆ. ಅಲ್ಲಿಂದ ಮುಂದೆ ಎಂಟು ಸಾವಿರದ ಲೆಕ್ಕಕ್ಕೆ ಎರಡೂ ಕಡೆಯವರು ತಿಂಗಳುಗಟ್ಟಲೆ ಓಡಾಡುತ್ತಾರೆ.

ಇನ್ನು ಮುಂದೆ ಈ ರೂಢಿ ನಡೆಯುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ, ಕೆಲಸಗಾರನನ್ನು ತೆಗೆದರೂ, ಅವನೇ ರಾಜೀನಾಮೆ ಕೊಟ್ಟರೂ, ಕಾರ್ಖಾನೆ ಮುಚ್ಚಿದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿ ಈ ಅವಸರ ಮಾಲೀಕರೇ ತೆಗೆದುಹಾಕಿದವರಿಗೆ ಮಾತ್ರ ಇತ್ತು. ತಾನಾಗಿ ಬಿಟ್ಟವನು ಕಾಯಬೇಕಿತ್ತು. ಆ ವ್ಯತ್ಯಾಸ ಈಗ ಹೋಗಿದೆ. ಹಣ ತಡೆಹಿಡಿದದ್ದು ಸಾಬೀತಾದರೆ ಅಧಿಕಾರಿ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಬಹುದು. ಕೇಳಿಕೆ ಸಲ್ಲಿಸಲು ಕೆಲಸಗಾರನಿಗೆ ಮೂರು ವರ್ಷ ಕಾಲಾವಕಾಶವಿದೆ. ‘ಕೊಟ್ಟಿದ್ದೇವೆ’ ಎಂದು ತೋರಿಸುವ ಹೊಣೆಯೂ ಮಾಲೀಕರದೇ.

ತಡವಾಗುವುದಕ್ಕೆ ದುಡ್ಡಿನ ಅಡಚಣೆ ಕಾರಣವಾಗುವುದು ಕಡಿಮೆ. ಹಾಜರಿ ಪುಸ್ತಕ ಒಂದು ಕಡೆ, ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ) ಲೆಕ್ಕ ಸೂಪರ್‌ವೈಸರನ ವಾಟ್ಸ್ಆ್ಯಪ್‌ನಲ್ಲಿ, ಅಡ್ವಾನ್ಸ್ ಮಾಲೀಕರ ಡೈರಿಯಲ್ಲಿ, ರಜೆ ಯಾರ ತಲೆಯಲ್ಲೋ. ಹೀಗಿರುವಾಗ ಎರಡು ದಿನ ಎಲ್ಲಿಯೂ ಸಾಲುವುದಿಲ್ಲ. ಆದ್ದರಿಂದ ರಾಜೀನಾಮೆ ಪತ್ರ ಕೈಗೆ ಬಂದ ದಿನವೇ ಕೆಲಸ ಶುರುವಾಗಬೇಕು. ಪತ್ರದ ನಕಲಿನ ಮೇಲೆ ತಾರೀಕು ಹಾಕಿ ಸಹಿ ಮಾಡಿ ಅವನಿಗೆ ವಾಪಸ್ ಕೊಡಿ, ಕೊನೆಯ ಕೆಲಸದ ದಿನ ಯಾವುದೆಂದು ಅದರಲ್ಲೇ ಬರೆಯಿರಿ. ಬಾಯಿಮಾತಿನಲ್ಲಿ ಬಿಟ್ಟರೆ ಮುಂದೆ ‘ಹೇಳದೆ ಕೇಳದೆ ಹೋದ’, ‘ನೀವೇ ಹೋಗು ಅಂದಿರಿ’ ಎಂಬ ಜಗಳಕ್ಕೆ ದಾರಿ. ಕೊನೆಯ ದಿನಕ್ಕೆ ಒಂದು ವಾರ ಮೊದಲು ಅಡ್ವಾನ್ಸ್ ಬಾಕಿ ಮತ್ತು ಉಳಿದ ರಜೆಯನ್ನು ಅವನಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಹಿಂದಿನ ದಿನ ವರ್ನಿಯರ್, ಮೈಕ್ರೋಮೀಟರ್‌ನಂಥ ಅಳತೆಯ ಸಾಧನಗಳು, ಲಾಕರ್ ಕೀಲಿ, ಗುರುತಿನ ಚೀಟಿಗಳನ್ನು ಪಟ್ಟಿಯಂತೆ ವಾಪಸ್ ಪಡೆಯಿರಿ.

ಸಂಬಳದ ಲೆಕ್ಕದಲ್ಲಿ ಹೆಚ್ಚು ತಪ್ಪಾಗುವುದು ಭಾಗಾಕಾರದಲ್ಲಿ. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 18,200 ರೂಪಾಯಿ ಪಡೆಯುವ ಆಪರೇಟರ್ ಒಬ್ಬ ತಿಂಗಳ 14ರಂದು ಬಿಡುತ್ತಾನೆ ಎನ್ನಿ. ನಡುವೆ ಎರಡು ಭಾನುವಾರ ಬಂದಿವೆ, ಅವನು ದುಡಿದದ್ದು 12 ದಿನ. ತಿಂಗಳಿಗೆ ನಾಲ್ಕು ಭಾನುವಾರ ಬಿಟ್ಟು 26 ದಿನವೆಂದು ಹಿಡಿದು ಭಾಗಿಸಿದರೆ ದಿನಕ್ಕೆ 700, ಒಟ್ಟು 8,400. ಎಷ್ಟೋ ಕಡೆ 30ರಿಂದ ಭಾಗಿಸಿ 12ರಿಂದಲೇ ಗುಣಿಸಿ 7,280 ಕೈಗಿಡುತ್ತಾರೆ. ಅಲ್ಲಿ 1,120 ರೂಪಾಯಿ ಕಳೆದುಹೋಯಿತು. 30ರಿಂದ ಭಾಗಿಸುವುದಾದರೆ ಭಾನುವಾರಗಳನ್ನೂ ಎಣಿಸಿ 14ರಿಂದ ಗುಣಿಸಬೇಕು. ಭಾಗಿಸುವಾಗ ಭಾನುವಾರ ಸೇರಿಸಿ ಗುಣಿಸುವಾಗ ಬಿಡುವುದು ಕೆಲಸಗಾರನ ಜೇಬಿಗೆ ಕೈಹಾಕಿದಂತೆ. ಉದ್ದೇಶಪೂರ್ವಕವಾಗಿ ಮಾಡುವವರಿಗಿಂತ, ಹಿಂದಿನ ಅಕೌಂಟೆಂಟ್ ಹಾಕಿಟ್ಟ ಎಕ್ಸೆಲ್ ಹಾಳೆಯನ್ನು ನಂಬಿ ಮಾಡುವವರೇ ಹೆಚ್ಚು. ಆ ಹಾಳೆಯ ಸೂತ್ರವನ್ನು ಒಮ್ಮೆ ತೆರೆದು ನೋಡಿ.

ಇದಕ್ಕೆ ಉಳಿದ ರಜೆಯ ಸಂಬಳ ಸೇರಬೇಕು. ಕಾರ್ಖಾನೆಯಲ್ಲಿ 20 ದಿನ ದುಡಿದರೆ ಒಂದು ದಿನ ಸಂಬಳಸಹಿತ ರಜೆ. ವರ್ಷದ ನಡುವೆ ಬಿಟ್ಟರೂ ಅಲ್ಲಿಯವರೆಗೆ ಗಳಿಸಿದ್ದಕ್ಕೆ ಹಣ ಕೊಡಬೇಕು, ಅದಕ್ಕೂ ಗಡುವು ಎರಡನೆಯ ಕೆಲಸದ ದಿನವೇ. ನಮ್ಮ ಆಪರೇಟರನಿಗೆ 11 ರಜೆ ಉಳಿದಿದ್ದರೆ 7,700. ಎರಡೂ ಸೇರಿ 16,100. ಪಿಎಫ್ (ಭವಿಷ್ಯ ನಿಧಿ) ಶೇ 12ರಂತೆ ದುಡಿದ ಸಂಬಳದ ಮೇಲೆ 1,008, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 0.75ರಂತೆ 63 ಕಳೆಯಬೇಕು. ಕೆಲಸ ಬಿಡುವಾಗ ಕೊಡುವ ರಜೆ ಹಣದ ಮೇಲೆ ಪಿಎಫ್ ಹಿಡಿಯುವಂತಿಲ್ಲ. ರಜೆ ನಗದೀಕರಣ ಮೂಲ ವೇತನವಲ್ಲ ಎಂದು ಮಣಿಪಾಲ ಉನ್ನತ ಶಿಕ್ಷಣ ಅಕಾಡೆಮಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅಡ್ವಾನ್ಸ್ ಬಾಕಿ 3,000 ಇದ್ದರೆ ಅದನ್ನೂ ಕಳೆದು ಕೈಗೆ ಸಿಗಬೇಕಾದದ್ದು 12,029. ಓಟಿ ಮಾಡಿದ್ದರೆ ಅದು ಬೇರೆ: 700ನ್ನು 8ರಿಂದ ಭಾಗಿಸಿದರೆ 87.50, ಅದರ ದುಪ್ಪಟ್ಟು, ಅಂದರೆ ಗಂಟೆಗೆ 175 ರೂಪಾಯಿ.

ಕಡಿತಕ್ಕೂ ಮಿತಿಯಿದೆ. ಒಂದು ಸಂಬಳದ ಅವಧಿಯಲ್ಲಿ ಎಲ್ಲ ಕಡಿತಗಳೂ ಸೇರಿ ಆ ಸಂಬಳದ ಅರ್ಧ ದಾಟಬಾರದು. ಮೇಲಿನ ಲೆಕ್ಕದಲ್ಲಿ 8,400ರ ಅರ್ಧ 4,200, ಕಡಿತ 4,071. ಅಂಚಿನಲ್ಲಿದೆ. ಅಡ್ವಾನ್ಸ್ 5,000 ಇದ್ದಿದ್ದರೆ ಮಿತಿ ದಾಟುತ್ತಿತ್ತು. ಹಬ್ಬಕ್ಕೆಂದು, ಮಕ್ಕಳ ಶಾಲೆಗೆಂದು ಕೊಟ್ಟ ಮುಂಗಡವನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಿಡಿಯದೆ ‘ಕೊನೆಗೆ ನೋಡೋಣ’ ಎಂದು ಬಿಟ್ಟವರು ಸಿಕ್ಕಿಬೀಳುವುದು ಇಲ್ಲೇ.

ಕಳೆದುಹೋದ, ಮುರಿದ ಸಾಮಾನಿನ ಹಣ ಹಿಡಿಯಲು ಮೂರು ಷರತ್ತು: ಆ ವಸ್ತುವನ್ನು ಅವನ ವಶಕ್ಕೇ ಒಪ್ಪಿಸಿರಬೇಕು, ನಷ್ಟ ನೇರವಾಗಿ ಅವನ ನಿರ್ಲಕ್ಷ್ಯದಿಂದ ಆಗಿರಬೇಕು, ಅವನ ವಿವರಣೆ ಕೇಳಿರಬೇಕು. ಸಹಿ ಹಾಕಿ ಪಡೆದ ಮೈಕ್ರೋಮೀಟರ್ ಕಾಣೆಯಾದರೆ ಕೇಳಬಹುದು. ಲೋಹ ಕತ್ತರಿಸುವ ಕಾರ್ಬೈಡ್ ಇನ್ಸರ್ಟ್ ಸವೆದರೆ, ಡ್ರಿಲ್ ಬಿಟ್ ಮುರಿದರೆ ಅದು ಕಾರ್ಖಾನೆಯ ಖರ್ಚು. ರಿಜೆಕ್ಟ್ ಆದ ಮಾಲಿನ ಬೆಲೆಯನ್ನು ಶಿಫ್ಟಿನವರೆಲ್ಲರ ತಲೆಗೆ ಹಂಚುವ ಪದ್ಧತಿಗೆ ಕಾನೂನಿನ ಬೆಂಬಲವೇ ಇಲ್ಲ.

ನೋಟಿಸ್ ಅವಧಿಯ ಮಾತು ನೇಮಕಾತಿ ಪತ್ರದಲ್ಲಿ ಇರಬೇಕು. ಪತ್ರವನ್ನೇ ಕೊಡದವರು ‘ಒಂದು ತಿಂಗಳು ಮೊದಲೇ ಹೇಳಬೇಕಿತ್ತು’ ಎಂದರೆ ನಿಲ್ಲುವುದಿಲ್ಲ. ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ.

ಎಲ್ಲಕ್ಕಿಂತ ಕೆಟ್ಟದ್ದು ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವುದು. ಐಟಿಐ, ಡಿಪ್ಲೊಮಾ ಮುಗಿಸಿ ಬಂದ ಹುಡುಗರಿಂದ ಸೇರುವ ದಿನವೇ ಮೂಲಪತ್ರ ಪಡೆದು ಬೀರುವಿನಲ್ಲಿಡುತ್ತಾರೆ. ಬಿಡುವಾಗ ಅದನ್ನು ಒತ್ತೆಯಂತೆ ಬಳಸುತ್ತಾರೆ. ಅದರಿಂದ ಆ ಹುಡುಗ ಮುಂದಿನ ಸಂದರ್ಶನಕ್ಕೆ ಹೋಗಲಾಗದೆ ಮನೆಯಲ್ಲಿ ಕೂರುತ್ತಾನೆ. ತರಬೇತಿಗೆ ನಿಜವಾಗಿ ಹಣ ಹಾಕಿದ್ದರೆ ಕಾನೂನಿನಲ್ಲಿ ದಾರಿಯಿದೆ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆದರೆ ಅಲ್ಲಿ ಮೊತ್ತ ಮೊದಲೇ ಬರವಣಿಗೆಯಲ್ಲಿತ್ತು, ಅದಕ್ಕೆ ಕಾರಣವನ್ನೂ ಬ್ಯಾಂಕು ತೋರಿಸಿಕೊಟ್ಟಿತು. ಬಾಂಡಿನ ಹಣ ಬೇಕಾದವರು ಹೀಗೆ ಕರಾರಿನ ಪ್ರಕಾರ ಕೇಳಲಿ. ಮಾರ್ಕ್ಸ್ ಕಾರ್ಡಿನ ನಕಲು ಸಾಕು. ಮೂಲವನ್ನು ನೋಡಿ, ಅದೇ ಹೊತ್ತಿನಲ್ಲಿ ಹಿಂತಿರುಗಿಸಿ.

ಪಿಎಫ್ ವಿಷಯದಲ್ಲಿ ಸಣ್ಣ ಅಲಕ್ಷ್ಯ ದೊಡ್ಡ ಹಾನಿ ಮಾಡುತ್ತದೆ. ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ತಾರೀಕನ್ನು ನಮೂದಿಸದಿದ್ದರೆ ಅವನ ಹಣ ಹೊಸ ಖಾತೆಗೆ ವರ್ಗವಾಗುವುದು ಕಷ್ಟ. ಕೊನೆಯ ವಂತಿಗೆಯಾಗಿ ಎರಡು ತಿಂಗಳ ಮೇಲೆ ಸದಸ್ಯನೇ ತಾರೀಕು ಹಾಕಿಕೊಳ್ಳಬಹುದು, ಆದರೆ ಅಂದಾಜಿನ ಮೇಲೆ ಹಾಕಿದ ತಾರೀಕು ಹೊಸ ಕಡೆ ಸೇರಿದ ತಾರೀಕನ್ನು ದಾಟಿದರೆ ಮತ್ತೆ ತೊಡಕು. ಬಿಟ್ಟ ತಿಂಗಳ 12 ದಿನಕ್ಕೂ ವಂತಿಗೆ ಕಟ್ಟಬೇಕು, ಗಡುವು ಮುಂದಿನ ತಿಂಗಳ 15. ‘ಅರ್ಧ ತಿಂಗಳು ತಾನೆ’ ಎಂದು ಬಿಟ್ಟವರ ದಾಖಲೆಯಲ್ಲಿ ಕೆಲಸಗಾರನ ಸೇವೆ ಒಂದು ತಿಂಗಳು ಕಡಿಮೆಯಾಗುತ್ತದೆ. ಪಿಂಚಣಿಗೆ 10 ವರ್ಷ ಬೇಕಾದವನಿಗೆ ಆ ಒಂದು ತಿಂಗಳೂ ಮುಖ್ಯ.

ನಮ್ಮ ಕಡೆಯ ವಿಶೇಷ ತೊಡಕು ಇನಿಷಿಯಲ್‌ನದು. ಆಧಾರ್‌ನಲ್ಲಿ ‘ಮಂಜುನಾಥ ಕೆ’, ಪಿಎಫ್‌ನಲ್ಲಿ ‘ಕೆ. ಮಂಜುನಾಥ್’, ಬ್ಯಾಂಕಿನಲ್ಲಿ ತಂದೆಯ ಹೆಸರು ಪೂರ್ತಿ. ಹೆಸರು ಹೊಂದದೆ ಅರ್ಜಿ ತಿರಸ್ಕೃತವಾಗುತ್ತದೆ. ತಿದ್ದುಪಡಿಗೆ ಮಾಲೀಕರ ಸಹಿಯ ಜಂಟಿ ಘೋಷಣೆ ಬೇಕಾಗಿ ಬಂದಾಗ ಅವನು ಊರು ಬಿಟ್ಟಿರುತ್ತಾನೆ. ಒಡಿಶಾದಿಂದಲೋ ಬಿಹಾರದಿಂದಲೋ ಬಂದವನಾದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರೂ ಬದಲಾಗಿ ಒಟಿಪಿ ಬರುವುದಿಲ್ಲ. ಇದನ್ನೆಲ್ಲ ಅವನು ಇನ್ನೂ ಗೇಟಿನೊಳಗೆ ಇರುವಾಗಲೇ ಸರಿಪಡಿಸಬೇಕು. ಹತ್ತು ನಿಮಿಷದ ಕೆಲಸ.

ಕೆಲಸಗಾರನಿಂದ ಹಿಡಿದ ಪಿಎಫ್ ಪಾಲನ್ನು ಕಟ್ಟದೆ ಇಟ್ಟುಕೊಳ್ಳುವುದು ನಂಬಿಕೆದ್ರೋಹದ ಅಪರಾಧ. ತಡವಾಗಿ ಕಟ್ಟಿದರೂ ಆ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು.

ಇಎಸ್‌ಐ ಬಗ್ಗೆ ಒಂದು ಮಾತು. ‘ಕೆಲಸ ಬಿಟ್ಟೆ, ನಿನ್ನ ಕಾರ್ಡ್ ನಡೆಯಲ್ಲ’ ಎಂದು ಹೇಳಿ ಕಳಿಸುತ್ತಾರೆ. ಅದು ತಪ್ಪು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಸೌಲಭ್ಯ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದರ ಸೌಲಭ್ಯ ಜುಲೈನಿಂದ ಡಿಸೆಂಬರ್‌ವರೆಗೆ. ಹೆಂಡತಿಯ ಹೆರಿಗೆಯೋ ತಾಯಿಯ ಕಾಯಿಲೆಯೋ ಎದುರಿಗಿರುವವನಿಗೆ ಇದು ಗೊತ್ತಿರುವುದಕ್ಕೂ ಇಲ್ಲದಿರುವುದಕ್ಕೂ ಸಾವಿರಾರು ರೂಪಾಯಿಯ ವ್ಯತ್ಯಾಸ.

ಗ್ರಾಚ್ಯುಟಿಗೆ, ಅಂದರೆ ಸೇವೆಯ ವರ್ಷ ಲೆಕ್ಕಹಾಕಿ ಬಿಡುವಾಗ ಕೊಡುವ ಇಡಿಗಂಟಿಗೆ, ಗಡುವು 30 ದಿನ. ಐದು ವರ್ಷ ತುಂಬಿದವರಿಗೆ, ಪ್ರತಿ ವರ್ಷಕ್ಕೆ 15 ದಿನದ ಸಂಬಳ. ದಿನದ ಸಂಬಳ ತೆಗೆಯುವುದು ತಿಂಗಳ ವೇತನವನ್ನು 26ರಿಂದ ಭಾಗಿಸಿ. ಆರು ತಿಂಗಳು ದಾಟಿದ ಭಾಗವನ್ನು ಪೂರ್ತಿ ವರ್ಷವೆಂದೇ ಎಣಿಸಬೇಕು. 18,200ರ ಆಪರೇಟರ್ 8 ವರ್ಷ 7 ತಿಂಗಳು ದುಡಿದಿದ್ದರೆ 9 ವರ್ಷ, ವರ್ಷಕ್ಕೆ 10,500ರಂತೆ 94,500. ಇಲ್ಲೂ 30ರಿಂದ ಭಾಗಿಸಿ 81,900 ಕೊಟ್ಟು ಕಳಿಸುವವರಿದ್ದಾರೆ. 12,600 ರೂಪಾಯಿ ಕಡಿಮೆ. ನಿಗದಿತ ಅವಧಿಗೆಂದು ನೇಮಕವಾದವರಿಗೆ ಐದು ವರ್ಷದ ಕಟ್ಟು ಈಗಿಲ್ಲ, ಒಂದು ವರ್ಷ ದುಡಿದರೆ ಸಾಕು. ಕೆಲಸದಲ್ಲಿರುವಾಗಲೇ ತೀರಿಕೊಂಡವರ ಕುಟುಂಬಕ್ಕೂ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ. ರಾಜೀನಾಮೆ ಕೊಟ್ಟವನ ಗ್ರಾಚ್ಯುಟಿಯನ್ನು ಕೋಪಕ್ಕೆ ತಡೆಹಿಡಿಯುವ ಅಧಿಕಾರ ಯಾರಿಗೂ ಇಲ್ಲ.

ಬೇಸಿಕ್ ಕಡಿಮೆ ತೋರಿಸಿ ಭತ್ಯೆ ಉಬ್ಬಿಸುವ ಜಾಣ್ಮೆಗೂ ಈಗ ಕಡಿವಾಣ ಬಿದ್ದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದು ವೇತನಕ್ಕೆ ಸೇರುತ್ತದೆ. ಒಟ್ಟು 24,000ದಲ್ಲಿ ಬೇಸಿಕ್ 9,000, ಭತ್ಯೆ 15,000 ಇದ್ದರೆ ಲೆಕ್ಕಕ್ಕೆ ಹಿಡಿಯಬೇಕಾದ ವೇತನ 12,000. ಗ್ರಾಚ್ಯುಟಿಯೂ ಇದರ ಮೇಲೆಯೇ. ಹತ್ತಾರು ವರ್ಷದ ಹಳೆಯ ಕೆಲಸಗಾರರಿರುವ ಕಡೆ ಈ ಹೊರೆ ಒಮ್ಮೆಲೇ ಬೀಳುತ್ತದೆ. 2024ರ ಜನವರಿಯಲ್ಲೇ ಕರ್ನಾಟಕ ಸರ್ಕಾರ ಗ್ರಾಚ್ಯುಟಿ ವಿಮೆ ಕಡ್ಡಾಯ ಮಾಡಿ ನಿಯಮ ತಂದದ್ದು ಇಂಥ ಪೆಟ್ಟು ತಪ್ಪಲೆಂದೇ. ಇನ್ನೂ ಮಾಡಿಸದವರು ತಡಮಾಡಬಾರದು.

ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಖಾಲಿ ಹಾಳೆ, ರೆವಿನ್ಯೂ ಸ್ಟಾಂಪಿನ ಮೇಲೆ ಮೊದಲೇ ಸಹಿ ಪಡೆದಿಡುವ ಅಭ್ಯಾಸ ಬಿಡಿ. ‘ಎಲ್ಲ ಬಾಕಿ ಸಂದಿದೆ’ ಎಂಬ ಒಂದೇ ಸಾಲಿನ ರಸೀದಿ ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ. ಯಾವ ಬಾಬ್ತಿಗೆ ಎಷ್ಟು ಎಂದು ಬಿಡಿಸಿ ಬರೆದ ಹಾಳೆಯೂ ಬ್ಯಾಂಕಿನ ದಾಖಲೆಯೂ ಇದ್ದರೆ ಮಾಲೀಕರು ನಿಶ್ಚಿಂತೆಯಿಂದ ಇರಬಹುದು.

ಕಾರ್ಮಿಕ ಇಲಾಖೆಗೆ ಮತ್ತು ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘಗಳಿಗೆ ಒಂದು ಕೋರಿಕೆ. ಈ ಅಂತಿಮ ಲೆಕ್ಕಕ್ಕೆ ಕನ್ನಡದಲ್ಲಿ ಒಂದೇ ಪುಟದ ನಮೂನೆ ಅಚ್ಚು ಹಾಕಿಸಿ ಹಂಚಬೇಕು: ದುಡಿದ ದಿನ ಮತ್ತು ದಿನದ ದರ, ಓಟಿ ಗಂಟೆ, ಉಳಿದ ರಜೆ, ಬೋನಸ್ ಬಾಕಿ, ಗ್ರಾಚ್ಯುಟಿಗೆ ಹಿಡಿದ ವರ್ಷ, ಒಂದೊಂದು ಕಡಿತಕ್ಕೂ ಕಾರಣ, ಯುಎಎನ್ (ಪಿಎಫ್ ಸದಸ್ಯನ ಸಂಖ್ಯೆ), ಪೋರ್ಟಲ್‌ನಲ್ಲಿ ಹಾಕಿದ ಬಿಟ್ಟ ತಾರೀಕು, ವಾಪಸ್ ಕೊಟ್ಟ ಮೂಲಪತ್ರಗಳ ಪಟ್ಟಿ. ಎರಡು ಪ್ರತಿ, ಎರಡರಲ್ಲೂ ಇಬ್ಬರ ಸಹಿ, ಒಂದು ಕೆಲಸಗಾರನ ಕೈಗೆ. ಕನ್ನಡ ಓದಲು ಬಾರದವರಿಗಾಗಿ ಹಿಂಬದಿಯಲ್ಲಿ ಹಿಂದಿಯಲ್ಲೂ ಅಚ್ಚಾಗಲಿ.

– ಸಂಬಳ ಮತ್ತು ಪಿಎಫ್ ಲೆಕ್ಕ ನೋಡುವವರೊಬ್ಬರು, ಬೆಂಗಳೂರು