ತಳ್ಳುಗಾಡಿಯೂ ಆಸ್ತಿಯೇ: ನಗರಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಫುಟ್‌ಪಾತ್ ತೆರವಿನ ಮಾತು ಬಂದಾಗಲೆಲ್ಲ, ಬೀದಿ ಬದಿ ವ್ಯಾಪಾರಕ್ಕೆ ಅವಕಾಶ ಕೊಡುವುದು ಸರ್ಕಾರದ ಔದಾರ್ಯವೆಂಬಂತೆ ಚರ್ಚೆ ನಡೆಯುತ್ತದೆ. ಈ ಎಣಿಕೆಯೇ ತಪ್ಪು. ದುಡಿದು ಬದುಕುವುದು ಹಕ್ಕು. ಕಾರಣ ಕೊಡಬೇಕಾದವರು ಅದನ್ನು ತಡೆಯುವವರು. ವ್ಯಕ್ತಿಯ ಸ್ವಾತಂತ್ರ್ಯವೇ ಮೊದಲೆನ್ನುವ ಉದಾರವಾದದ ಮೊದಲ ಚಿಂತಕರು ಊರಿ ನಿಂತ ನೆಲ ಇದು.

ಮನುಷ್ಯನ ದೇಹ ಅವನದೇ, ಅದರ ದುಡಿಮೆಯೂ ಅವನದೇ ಎಂಬಲ್ಲಿಂದ ಜಾನ್ ಲಾಕ್ 1689ರಲ್ಲಿ ಆಸ್ತಿಯ ಹಕ್ಕನ್ನು ಕಟ್ಟಿದ. ಮೊದಲೇ ಸಾರಿದ ಕಾಯ್ದೆಯಿಂದಲೇ ಆಳಬೇಕು, ಅರಮನೆಯ ಮೆಚ್ಚಿನವನಿಗೂ ನೇಗಿಲು ಹಿಡಿದವನಿಗೂ ನಿಯಮ ಒಂದೇ ಇರಬೇಕು ಎಂದೂ ಬರೆದ. ಇಂಗ್ಲೆಂಡಿನಲ್ಲಿ 1563ರ ಕಾಯ್ದೆ ಏಳು ವರ್ಷ ಕಲಿಕೆ ಮುಗಿಸದವರಿಗೆ ಹಲವು ಕಸುಬುಗಳ ಬಾಗಿಲು ಮುಚ್ಚಿತ್ತು. ಆಡಂ ಸ್ಮಿತ್ 1776ರಲ್ಲಿ ಅದನ್ನು ನೇರವಾಗಿ ಖಂಡಿಸಿದ: ಬಡವನಿಗೆ ಬಂದ ಪಿತ್ರಾರ್ಜಿತ ಅವನ ಕೈಯ ಬಲ ಮತ್ತು ಚಳಕ, ಅದಕ್ಕೆ ಅಡ್ಡ ಬರುವುದು ಆಸ್ತಿಯ ಮೇಲಿನ ಆಕ್ರಮಣ. ಅದೇ ವರ್ಷದ ಫೆಬ್ರುವರಿಯಲ್ಲಿ ಫ್ರಾನ್ಸಿನ ಸಚಿವ ತುರ್ಗೊ ಕಸುಬುದಾರರ ಸಂಘಗಳ ಏಕಸ್ವಾಮ್ಯ ರದ್ದುಮಾಡಿದ. ಮೇ ತಿಂಗಳಲ್ಲಿ ಹುದ್ದೆ ಹೋಯಿತು, ಆಗಸ್ಟ್‌ನಲ್ಲಿ ಸಂಘಗಳು ಮರಳಿದವು. ಸಂಘಟಿತರ ಹಿಡಿತ ಸಡಿಲಿಸುವುದು ಅಂದೂ ಸುಲಭವಿರಲಿಲ್ಲ.

ಹಾಗೆಂದು ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಬಹುದೆಂದು ನಾವು ಹೇಳುತ್ತಿಲ್ಲ. ಇತರರಿಗೆ ಹಾನಿಯಾಗುವಲ್ಲಿ ನಿರ್ಬಂಧ ನ್ಯಾಯವೆಂದು 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಬರೆದ. ಗಾಲಿಕುರ್ಚಿಗೆ ದಾರಿ ಸಿಗದಿದ್ದರೆ ಅದು ಹಾನಿಯೇ. ಆದರೆ ಬೀದಿ ಚೆನ್ನಾಗಿ ಕಾಣುವುದಿಲ್ಲ ಎಂಬುದು ಹಾನಿಯಲ್ಲ.

ಬೀದಿ ವ್ಯಾಪಾರ ಸಂವಿಧಾನದ 19(1)(ಜಿ) ವಿಧಿಯಡಿ ಮೂಲಭೂತ ಹಕ್ಕು, ಅದಕ್ಕೆ ಸಮಂಜಸ ನಿರ್ಬಂಧ ಹೇರಬಹುದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಕ್ರಮವನ್ನೂ ಬರೆದಿಟ್ಟಿದೆ. ಮೊದಲು ವ್ಯಾಪಾರಿಗಳ ಸಮೀಕ್ಷೆ, ಆಮೇಲೆ ವ್ಯಾಪಾರದ ಪ್ರಮಾಣಪತ್ರ. ಅಲ್ಲಿಯವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪ್ರಮಾಣಪತ್ರ ಇರುವವರನ್ನು ಸ್ಥಳಾಂತರಿಸಲು 30 ದಿನಗಳ ನೋಟಿಸ್ ಬೇಕು. ಸರಕು ವಶಪಡಿಸಿಕೊಂಡರೆ ಪಟ್ಟಿ ಬರೆದು ಪ್ರತಿ ಕೊಡಬೇಕು. ವ್ಯಾಪಾರಿ ಕೇಳಿದ ದಿನವೇ ಹಣ್ಣು-ತರಕಾರಿ, ಎರಡು ಕೆಲಸದ ದಿನಗಳೊಳಗೆ ಉಳಿದ ಸರಕು ಮರಳಬೇಕು.

ಆಡಳಿತ ಎಡವುವುದು ಇಲ್ಲೇ. ಪಟ್ಟಿಯಿಲ್ಲದೆ ಲಾರಿಗೆ ತುಂಬಿದ ತಕ್ಕಡಿ ಯಾರದೆಂದು ಸಾಬೀತು ಮಾಡುವ ದಾರಿ ವ್ಯಾಪಾರಿಗೆ ಉಳಿಯುವುದಿಲ್ಲ. ದೂರು ಕೊಡಲು ಕೈಯಲ್ಲಿ ಕಾಗದವಿಲ್ಲ. ತಪ್ಪು ಹೊರಿಸುವವರು, ಸರಕು ಎತ್ತುವವರು, ದಂಡ ಹಾಕುವವರು ಒಬ್ಬರೇ ಆದಾಗ ಸ್ವಾತಂತ್ರ್ಯ ಉಳಿಯದೆಂದು ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ 1748ರಲ್ಲೇ ಎಚ್ಚರಿಸಿದ್ದ. ಅದಕ್ಕೇ ಕಾಯ್ದೆಯ 20ನೇ ಕಲಂ, ಸಿವಿಲ್ ನ್ಯಾಯಾಧೀಶರೋ ಮ್ಯಾಜಿಸ್ಟ್ರೇಟರೋ ಆಗಿದ್ದವರ ಅಧ್ಯಕ್ಷತೆಯಲ್ಲಿ, ಸರ್ಕಾರಿ ನೌಕರರಿಲ್ಲದ ಕುಂದುಕೊರತೆ ಸಮಿತಿಯನ್ನು ಕೇಳುತ್ತದೆ.

ನಮ್ಮ ಬೇಡಿಕೆ ಇಷ್ಟು. ಮುಂದಿನ ತೆರವಿಗೆ ಮೊದಲು ಆ ವಾರ್ಡಿನ ಸಮೀಕ್ಷಾ ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ತೆರವಿಗೆ ಹೋಗುವ ಪ್ರತಿ ತಂಡಕ್ಕೂ ಕ್ರಮಸಂಖ್ಯೆಯಿರುವ, ಕನ್ನಡದಲ್ಲಿ ಅಚ್ಚಾದ ವಶಪಟ್ಟಿ ಪುಸ್ತಕ ಕೊಡಿ. ಕುಂದುಕೊರತೆ ಸಮಿತಿಯ ವಿಳಾಸವನ್ನು ಆ ಹಾಳೆಯ ಮೇಲೆಯೇ ಅಚ್ಚುಹಾಕಿಸಿ.