ಬ್ರಿಡ್ಜ್ ಕೋರ್ಸ್‌ಗೆ ದುಡ್ಡು ಕಟ್ಟುವ ಮುನ್ನ

ಮಾನ್ಯರೇ,

ಸಿಇಟಿ ಸೀಟು ಹಂಚಿಕೆ ಶುರುವಾಗುವ ಹೊತ್ತಿಗೆ ಮೈಸೂರು, ಮಂಡ್ಯದ ರಸ್ತೆಗಳಲ್ಲಿ ‘ಎಂಜಿನಿಯರಿಂಗ್ ಬ್ರಿಡ್ಜ್ ಕೋರ್ಸ್’ ಎಂಬ ಫ್ಲೆಕ್ಸ್‌ಗಳು ಏಳುತ್ತವೆ. ಪಿಯುಸಿಗೂ ಎಂಜಿನಿಯರಿಂಗ್‌ಗೂ ನಡುವಿನ ಅಂತರ ತುಂಬಲೆಂದು ನಡೆಸುವ ಪೂರ್ವಸಿದ್ಧತಾ ತರಗತಿ ಇದು. ಕೆಲವು ಕಾಲೇಜುಗಳೂ ತರಗತಿಗೆ ಮೊದಲೇ ಇಂಥದ್ದನ್ನು ನಡೆಸುತ್ತವೆ. ಫೀಸು ಎಷ್ಟು, ಎಷ್ಟು ದಿನ ಎಂದು ಪೋಷಕರು ವಿಚಾರಿಸುತ್ತಾರೆ. ಮೊದಲ ಸೆಮಿಸ್ಟರ್‌ನಲ್ಲಿ ಮಕ್ಕಳು ಎಡವುವ ಜಾಗವನ್ನೇ ಇಲ್ಲಿ ಕಲಿಸುತ್ತಾರೆಯೇ ಎಂದು ವಿಚಾರಿಸುವವರು ಕಡಿಮೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಮೊದಲ ಸೆಮಿಸ್ಟರ್ ಗಣಿತ ಶುರುವಾಗುವುದು ದೂರ ಮತ್ತು ಕೋನದಿಂದ ಗುರುತಿಸುವ ಪೋಲಾರ್ ವಕ್ರರೇಖೆಗಳಿಂದ. ಹೃದಯದ ಆಕಾರದ ಕಾರ್ಡಿಯಾಯ್ಡ್ ರೇಖೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಎರಡೂ ಕಡೆ ಲಾಗ್ ತೆಗೆದು ಡಿಫರೆನ್ಶಿಯೇಟ್ ಮಾಡುವವರೆಗೆ ಹೆಚ್ಚಿನವರು ಬರುತ್ತಾರೆ. ಆಮೇಲೆ ಉಳಿಯುವ ‘ಮೈನಸ್ ಸೈನ್ ಥೀಟಾ ಬೈ ಒನ್ ಪ್ಲಸ್ ಕಾಸ್ ಥೀಟಾ’ವನ್ನು ಅರ್ಧಕೋನದ ಸೂತ್ರ ಹಾಕಿ ‘ಮೈನಸ್ ಟ್ಯಾನ್ ಥೀಟಾ ಬೈ ಟೂ’ಗೆ ಇಳಿಸಬೇಕು. ಪೆನ್ನು ನಿಲ್ಲುವುದು ಅಲ್ಲಿ. ಹೊಸ ಪಾಠ ಕಷ್ಟವಾಗಿ ನಿಂತದ್ದಲ್ಲ, ಪ್ರಥಮ ಪಿಯುಸಿಯ ತ್ರಿಕೋನಮಿತಿ ಮರೆತು ನಿಂತದ್ದು. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಸಿಇಟಿ ತಯಾರಿಯಲ್ಲಿ ಹಂತಹಂತವಾಗಿ ಬರೆದು ಬಿಡಿಸುವ ರೂಢಿಯೂ ತಪ್ಪಿರುತ್ತದೆ.

ಆದ್ದರಿಂದ ಸೇರುವ ಮುಂಚೆ ವೇಳಾಪಟ್ಟಿ ಕೇಳಿ ಪಡೆಯಿರಿ. ಮೊದಲ ವಾರ ತ್ರಿಕೋನಮಿತಿ ಸೂತ್ರಗಳು, ಲಾಗ್ ನಿಯಮ, ಚೈನ್ ರೂಲ್ ಇದ್ದು, ನಂತರ ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಬಂದರೆ ಅದು ತಿಳಿದವರು ಮಾಡಿದ ಪಟ್ಟಿ. ಮೊದಲ ದಿನವೇ ಲಾಪ್ಲಾಸ್, ಫೂರಿಯರ್ ಎಂದಿದ್ದರೆ ಮುಂದಿನ ಸೆಮಿಸ್ಟರ್‌ಗಳ ಪಾಠವನ್ನು ಈಗಲೇ ಮಾರುತ್ತಿದ್ದಾರೆ ಎಂದೇ ಅರ್ಥ. ಬ್ಯಾಚಿನಲ್ಲಿ ಎಷ್ಟು ಮಂದಿ, ನೋಟ್‌ಬುಕ್ ತಿದ್ದುವವರು ಯಾರು ಎಂಬುದನ್ನೂ ಕೇಳಬೇಕು. ನೂರು ಜನರನ್ನು ಹಾಲ್‌ನಲ್ಲಿ ಕೂರಿಸಿ ಪ್ರೊಜೆಕ್ಟರ್ ಹಾಕಿದರೆ ಯಾರ ತಪ್ಪೂ ಯಾರಿಗೂ ಕಾಣುವುದಿಲ್ಲ.

ಕೋಡಿಂಗ್ ಬೇಕೇ? ಸಿ ಭಾಷೆಯ ಪಾಠ ನಿಮಗೆ ಯಾವ ಸೆಮಿಸ್ಟರ್‌ಗೆ ಬರುತ್ತದೆ ಎಂಬುದು ಬ್ರಾಂಚ್ ಮತ್ತು ಫಿಸಿಕ್ಸ್, ಕೆಮಿಸ್ಟ್ರಿ ಸೈಕಲ್‌ಗಳ (ಮೊದಲ ವರ್ಷದವರನ್ನು ಎರಡು ಗುಂಪು ಮಾಡಿ ವಿಷಯಗಳನ್ನು ಅದಲುಬದಲಾಗಿ ಕಲಿಸುವ ಕ್ರಮ) ಮೇಲೆ ನಿಂತಿದೆ. ಎರಡನೆಯದಕ್ಕೆ ಬಂದರೆ ಈಗ ಕಲಿತದ್ದು ಅಷ್ಟರಲ್ಲಿ ಆವಿಯಾಗಿರುತ್ತದೆ.

ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದ, ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿ ಬರುವ ಮಕ್ಕಳ ಅಗತ್ಯ ಬೇರೆ. ಇವರನ್ನು ಸಾಮಾನ್ಯವಾಗಿ ಸ್ಪೋಕನ್ ಇಂಗ್ಲಿಷ್ ತರಗತಿಗೆ ತಳ್ಳುತ್ತಾರೆ. ದುಡ್ಡು ದಂಡ ಎಂದೇ ನಮ್ಮ ಅಭಿಪ್ರಾಯ. ಇವರಿಗೆ ಬೇಕಿರುವುದು ಪ್ರಶ್ನೆಪತ್ರಿಕೆಯ ಇಂಗ್ಲಿಷ್. ‘ಡಿರೈವ್’ ಎಂದಾಗ ಸೂತ್ರವನ್ನು ಮೊದಲಿನಿಂದ ಸಾಧಿಸಬೇಕು, ‘ವೆರಿಫೈ’ ಎಂದಾಗ ಕೊಟ್ಟದ್ದನ್ನು ಹಾಕಿ ಎರಡೂ ಬದಿ ತಾಳೆ ನೋಡಬೇಕು. ಇದು ತಿಳಿಯದೆ ಗೊತ್ತಿದ್ದ ಲೆಕ್ಕಕ್ಕೂ ಅಂಕ ಹೋಗುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಎದುರಿಗಿಟ್ಟು ಓದಿಸುವ, ಲ್ಯಾಬ್ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎರಡು ವಾಕ್ಯ ಬಾಯಿಬಿಟ್ಟು ಹೇಳಿಸುವ ಕಡೆ ಸೇರಿಸಿ. ಸಂಜೆ ಬ್ಯಾಚಾದರೆ ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಇನ್ನು ಹಣ ಕಟ್ಟುವ ಸಮಯ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟು ಹಂಚಿಕೆಯಲ್ಲಿ ‘ಚಾಯ್ಸ್ 2’ ಒತ್ತಿದವರು ಸಿಕ್ಕ ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೂ ಹೋಗುತ್ತಾರೆ; ‘ಚಾಯ್ಸ್ 3’ರವರು ಸಿಕ್ಕದ್ದನ್ನು ಬಿಟ್ಟೇ ಹೋಗುತ್ತಾರೆ. ಇಬ್ಬರಿಗೂ ಕಾಲೇಜು, ಊರು ಬದಲಾಗಬಹುದು. ಕಾಲೇಜು ಖಚಿತವಾಗುವ ಮೊದಲು ಅದರ ಬ್ರಿಡ್ಜ್ ಕೋರ್ಸ್‌ಗೆ ಕಟ್ಟಬೇಡಿ. ಕಟ್ಟಲೇಬೇಕಾದರೆ ಹಣ ವಾಪಸಾತಿಯ ಷರತ್ತು ರಸೀದಿಯ ಮೇಲೇ ಬರೆಸಿಕೊಳ್ಳಿ.

ಇಷ್ಟಕ್ಕೂ ಸೇರಿದ ಮೇಲೆ ಕಾಲೇಜೇ ನಡೆಸಬೇಕಾದ ಇಂಡಕ್ಷನ್, ಅಂದರೆ ಹೊಸಬರನ್ನು ಕಾಲೇಜಿಗೆ ಒಗ್ಗಿಸುವ ಕಾರ್ಯಕ್ರಮ, ಒಂದಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) 2017ರಲ್ಲಿ ರೂಪಿಸಿದ ಮಾದರಿಯಲ್ಲಿ ಅದು ಮೂರು ವಾರದ್ದು: ಸುಮಾರು 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಮಾರ್ಗದರ್ಶಕ, ಆಟೋಟ, ಕಲೆ, ಮೌಲ್ಯಗಳ ಚರ್ಚೆ, ಜೊತೆಗೆ ಹಿಂದುಳಿದ ವಿಷಯಗಳ ಪೂರಕ ಪಾಠ. ಪದವಿ ಕಾಲೇಜುಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಇದೇ ಉದ್ದೇಶಕ್ಕೆ ‘ದೀಕ್ಷಾರಂಭ’ ಎಂಬ ಕೈಪಿಡಿ ಕೊಟ್ಟಿತು. ಹಾರ ತುರಾಯಿ, ಅತಿಥಿಗಳ ಭಾಷಣ, ಗ್ರೂಪ್ ಫೋಟೊಗಳಲ್ಲಿ ಇಂಡಕ್ಷನ್ ಮುಗಿಸಿಬಿಟ್ಟರೆ ಪೂರಕ ಪಾಠಕ್ಕೆ ಮಕ್ಕಳು ಹೊರಗೆ ದುಡ್ಡು ಕೊಡಬೇಕಾಗುತ್ತದೆ. ಎರಡೂ ಜಿಲ್ಲೆಗಳ ಕಾಲೇಜುಗಳು ಇಂಡಕ್ಷನ್‌ನ ದಿನವಾರು ವೇಳಾಪಟ್ಟಿಯನ್ನೂ ಮಾರ್ಗದರ್ಶಕರ ಹೆಸರನ್ನೂ ಪ್ರವೇಶದ ದಿನವೇ ಕೈಗೆ ಕೊಡಲಿ. ಹೊರಗಿನ ಕೋರ್ಸ್ ಬೇಕೋ ಬೇಡವೋ ಎಂಬುದನ್ನು ಪೋಷಕರು ಅದನ್ನು ನೋಡಿ ತೀರ್ಮಾನಿಸುತ್ತಾರೆ.

– ಇಬ್ಬರು ಎಂಜಿನಿಯರಿಂಗ್ ಗಣಿತ ಅಧ್ಯಾಪಕರು, ಮಂಡ್ಯ