ಬೇಸಿಗೆ ಶಿಬಿರ ಹತ್ತೂವರೆಗೆ ಬೇಡ, ಬೆಳಗ್ಗೆ ಆರಕ್ಕೆ ಇಡಿ

ಸಂಪಾದಕರಿಗೆ,

ಮಾನ್ಯರೇ,

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಬಿಟ್ಟರೆ ಮತ್ತೆ ಗಂಟೆ ಬಾರಿಸುವುದು ಮೇ ಕೊನೆಗೆ. ಈ ಏಳು ವಾರ ನಂದಿ ಬೆಟ್ಟಕ್ಕೆ ಬೆಂಗಳೂರಿನಿಂದ ಬರುವ ಕಾರು, ಬೈಕುಗಳ ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಬೆಟ್ಟದ ಬುಡದಲ್ಲೇ ಹುಟ್ಟಿದ ಮಕ್ಕಳಿಗೆ ಮಾತ್ರ ಆ ಬೆಟ್ಟದಿಂದ ಏನೂ ಸಿಗುವುದಿಲ್ಲ. ಒಂದೋ ರಸ್ತೆ ಬದಿ ಸೌತೆಕಾಯಿ ಬುಟ್ಟಿಯ ಮುಂದೆ ಕೂರುತ್ತಾರೆ, ಇಲ್ಲವೇ ಮನೆಯೊಳಗೆ ಮೊಬೈಲ್ ಹಿಡಿಯುತ್ತಾರೆ.

ಶಿಬಿರಗಳು ಅಲ್ಲಲ್ಲಿ ನಡೆಯುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಬಹಳಷ್ಟು ಕಡೆ ಹತ್ತೂವರೆಗೆ ಉದ್ಘಾಟನೆ, ಅತಿಥಿಗಳು ಬರುವ ಹೊತ್ತಿಗೆ ಹನ್ನೊಂದೂವರೆ, ಮಕ್ಕಳು ತಗಡಿನ ಶೀಟಿನ ಕೆಳಗೆ ಬೆವರುತ್ತಾ ಭಾಷಣ ಕೇಳುವುದು. ಮೂರನೇ ದಿನಕ್ಕೆ ಅರ್ಧ ಮಕ್ಕಳು ಬರುವುದಿಲ್ಲ. ಆಗ ‘ಮಕ್ಕಳಿಗೆ ಆಸಕ್ತಿ ಇಲ್ಲ’ ಎಂದು ಬರೆದು ಮುಗಿಸುತ್ತಾರೆ. ತಪ್ಪು ಮಕ್ಕಳದ್ದಲ್ಲ, ಹೊತ್ತಿನದು. ಬೆಟ್ಟದ ಸೀಮೆಯಲ್ಲಿ ಬೇಸಿಗೆಗೆ ಒಳ್ಳೆಯ ಹೊತ್ತು ಎರಡೇ: ಬೆಳಗ್ಗೆ ಆರರಿಂದ ಒಂಬತ್ತೂವರೆ, ಸಂಜೆ ಐದರಿಂದ ಒಂಬತ್ತೂವರೆ. ನಂದಿ, ಸ್ಕಂದಗಿರಿಯ ತಪ್ಪಲಿನ ಪಂಚಾಯಿತಿಗಳು, ಶಾಲಾಭಿವೃದ್ಧಿ ಸಮಿತಿಗಳು, ಊರಿನ ಅರಿವು ಕೇಂದ್ರಗಳು (ಪಂಚಾಯಿತಿ ಗ್ರಂಥಾಲಯಗಳು) ಇದೊಂದನ್ನು ಒಪ್ಪಿದರೆ ಸಾಕು, ಮಿಕ್ಕದ್ದಕ್ಕೆ ದುಡ್ಡು ಹೆಚ್ಚು ಬೇಡ. ತಾಯಿ ತಂದೆ, ಅಜ್ಜಿ ತಾತಂದಿರೂ ಬರಬಹುದಾದ ಹೊತ್ತು ಕೂಡ ಇದೇ. ಹತ್ತೂವರೆಗೆ ಕರೆದರೆ ತೋಟ, ಹೂವಿನ ಕೊಯ್ಲು, ರೇಷ್ಮೆ ಹುಳು ಬಿಟ್ಟು ಯಾರು ಬರುತ್ತಾರೆ?

ಮೊದಲು ಬೆಟ್ಟ ಹತ್ತುವ ವಿಷಯ. ನಂದಿ ಗ್ರಾಮದ ಕಡೆಯಿಂದ ಮೇಲಕ್ಕೆ ಹಳೆಯ ಕಲ್ಲಿನ ಮೆಟ್ಟಿಲ ದಾರಿಯಿದೆ, ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಬೆಟ್ಟದ ನೆತ್ತಿ ಸಮುದ್ರ ಮಟ್ಟದಿಂದ 1,478 ಮೀಟರ್. ಏಪ್ರಿಲ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆಯ ಸುಮಾರಿಗೆ. ಆ ಹೊತ್ತಿಗೆ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿರಬೇಕು. ಮಕ್ಕಳ ನಡಿಗೆಯಲ್ಲಿ ಮೇಲಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಇಳಿಯುವುದು ಸುಲಭ ಅಂದುಕೊಳ್ಳಬೇಡಿ. ಬೀಳುವುದು, ಕಾಲು ಉಳುಕುವುದು ಹೆಚ್ಚಾಗಿ ಇಳಿಯುವಾಗಲೇ, ಏಕೆಂದರೆ ಮೆಟ್ಟಿಲುಗಳು ಸವೆದು ನುಣುಪಾಗಿವೆ, ಮೊಣಕಾಲು ಸೋತಿರುತ್ತದೆ, ಮಕ್ಕಳು ಓಡುತ್ತಾರೆ. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು, ಸಾಲಿನ ಮುಂದೊಬ್ಬರು, ಹಿಂದೊಬ್ಬರು. ಏಳು ವರ್ಷಕ್ಕಿಂತ ಚಿಕ್ಕವರನ್ನು ಪೂರ್ತಿ ಹತ್ತಿಸುವ ಹಟ ಬೇಡ, ಇನ್ನೂರು ಮೆಟ್ಟಿಲು ಹತ್ತಿಸಿ ಕರೆತನ್ನಿ, ಅವರಿಗೆ ಅದೇ ಬೆಟ್ಟ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವಿನ ದಿನ ಇಡಿ. ಸ್ಕಂದಗಿರಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಆಗಿರಬೇಕು.

ಹತ್ತು ಗಂಟೆ ದಾಟಿದ ಮೇಲೆ ಬಂಡೆಯ ಮೇಲೆ ಮಕ್ಕಳು ಇರಬಾರದು. ನಮ್ಮ ಬೆಟ್ಟಗಳು ಬರಿ ಕಲ್ಲು, ಗಾಳಿ ತಣ್ಣಗೆ ಬೀಸುತ್ತಿದ್ದರೂ ಕಲ್ಲು ಕಾದಿರುತ್ತದೆ. ಗಾಳಿಯಿಂದಾಗಿ ಬೆವರು ಕಾಣಿಸುವುದಿಲ್ಲ, ಮಗು ನೀರು ಕೇಳುವುದಿಲ್ಲ, ಇಳಿಯುವಾಗ ತಲೆನೋವು, ವಾಂತಿ. ಒಂದು ಮಗುವಿಗೆ ಒಂದು ಲೀಟರ್ ನೀರು ಅದರ ಚೀಲದಲ್ಲೇ ಇರಲಿ, ಕೇಳದಿದ್ದರೂ ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕುಡಿಸಿ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಬೇಕು, ಗೋಪುರ ಮಾಡಬಾರದು. ಉಪ್ಪು ಹೆಚ್ಚಾದರೆ ಒಳ್ಳೆಯದಕ್ಕಿಂತ ಕೆಡುಕೇ ಜಾಸ್ತಿ.

ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದು ಗೊತ್ತು. ತಿಂಡಿಯನ್ನು ಮುಚ್ಚಳದ ಡಬ್ಬಿಯಲ್ಲಿ, ಡಬ್ಬಿಯನ್ನು ಚೀಲದಲ್ಲಿ ಇಡಿ, ಕೈಯಲ್ಲಿ ಹಿಡಿಯಬೇಡಿ. ಕಿತ್ತುಕೊಂಡರೆ ಬಿಟ್ಟುಬಿಡುವುದು, ಎಳೆದಾಡಿದರೆ ಕಚ್ಚುತ್ತದೆ. ಹೆಜ್ಜೇನಿನ ವಿಷಯ ಇದಕ್ಕಿಂತ ಗಂಭೀರ. ಕಡಿದಾದ ಬಂಡೆಯ ಕೆಳಗೂ ಗೋಪುರದ ಸಂದಿಯಲ್ಲೂ ಗೂಡು ತೂಗುತ್ತಿರುತ್ತದೆ. ಹಿಂದಿನ ದಿನ ಇಬ್ಬರು ದಾರಿ ನೋಡಿಕೊಂಡು ಬರಲೇಬೇಕು. ಸೆಂಟು, ಕರ್ಪೂರದ ಹೊಗೆ, ಪಟಾಕಿ, ಕಲ್ಲೆಸೆತ ಯಾವುದೂ ಕೂಡದು. ಎದ್ದುಬಿಟ್ಟರೆ ಕೈ ಬೀಸದೆ, ಮುಖಕ್ಕೆ ಟವೆಲ್ ಮುಚ್ಚಿ, ಬಾಗಿಲಿರುವ ಕೋಣೆಗೋ ವಾಹನಕ್ಕೋ ಓಡುವುದು. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಹಲವು ಕಡೆ ಕಚ್ಚಿದ್ದರೆ, ಉಸಿರು ಕಟ್ಟಿದರೆ, ತುಟಿ ಊದಿದರೆ ನೇರ ಆಸ್ಪತ್ರೆಗೆ.

ಮೇಲೆ ಹೋಗದೆಯೂ ನೋಡುವುದು ಬೇಕಾದಷ್ಟಿದೆ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಸ್ಥಾನದಲ್ಲಿ ಮಕ್ಕಳ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು ಕಲ್ಯಾಣ ಮಂಟಪದ ಕಂಬಗಳ ಮುಂದೆ ಕೂರಿಸಿ. ಶಿವ–ಪಾರ್ವತಿ, ಬ್ರಹ್ಮ–ಸರಸ್ವತಿ ಎಲ್ಲಿದ್ದಾರೆ, ಬಳ್ಳಿಯೊಳಗೆ ಎಷ್ಟು ಹಕ್ಕಿ ಕೂತಿವೆ ಎಂದು ಹುಡುಕಲು ಹಚ್ಚಿದರೆ ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಇದು ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಜಾಗ, ಮೈಕು, ಶಾಮಿಯಾನ, ಕಲ್ಲಿನ ಮೇಲೆ ಸೀಮೆಸುಣ್ಣ ಬೇಡವೇ ಬೇಡ. ಇಲ್ಲಿನ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಕಥೆ ಹೇಳುವವರು ಎರಡೂ ಭಾಷೆ ಬೆರೆಸಿ ಹೇಳಿದರೆ ಅಜ್ಜಿಯರೂ ಬಾಯಿ ಬಿಡುತ್ತಾರೆ. ಹಕ್ಕಿ ನೋಡಲು ಹೋಗುವವರು ಹಳದಿ ಕೊರಳಿನ ಪಿಕಳಾರವನ್ನು ಮರೆಯಬೇಡಿ. ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ನಮ್ಮ ಬೆಟ್ಟದಲ್ಲಿದೆ, ನಮ್ಮ ಮಕ್ಕಳಿಗೆ ಅದರ ಹೆಸರೇ ಗೊತ್ತಿಲ್ಲ.

ನಡು ಮಧ್ಯಾಹ್ನ ಹೊರಗೆ ಬೇಡ ಎಂದೆವು. ವರ್ಷಕ್ಕೆ ಒಂದು ದಿನ ಮಾತ್ರ ಆ ನಿಯಮ ಮುರಿಯಲು ಯೋಗ್ಯ: ಶೂನ್ಯ ನೆರಳಿನ ದಿನ. ಚಿಕ್ಕಬಳ್ಳಾಪುರ ಇರುವುದು ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 25, 26ರ ಹೊತ್ತಿಗೆ ಸೂರ್ಯ ಅಷ್ಟೇ ಉತ್ತರಕ್ಕೆ ಸರಿದು ನಮ್ಮ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ತುಮಕೂರಿಗೂ ಹೆಚ್ಚು ಕಡಿಮೆ ಅದೇ ದಿನ, ಕೋಲಾರಕ್ಕೆ ಏಪ್ರಿಲ್ 25ರ ಆಸುಪಾಸು. ಬಹಳ ಜನ ಕೆಡುವುದು ಗಡಿಯಾರದ ಹನ್ನೆರಡಕ್ಕೆ ಕಾಯುವುದರಿಂದ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಆದ್ದರಿಂದ ಚಿಕ್ಕಬಳ್ಳಾಪುರದಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆ 17 ನಿಮಿಷದ ಸುಮಾರಿಗೆ, ಕೋಲಾರದಲ್ಲಿ ಎರಡು ನಿಮಿಷ ಮೊದಲು, ತುಮಕೂರಿನಲ್ಲಿ ಎರಡು ಮೂರು ನಿಮಿಷ ತಡವಾಗಿ.

ಮಾಡುವ ಕ್ರಮ ಹೀಗೆ. ಒಂದು ಅಡಿ ಉದ್ದದ ನೆಟ್ಟಗಿನ ಪಿವಿಸಿ ಪೈಪಿನ ತುಂಡು, ಒಂದು ಬಿಳಿ ಡ್ರಾಯಿಂಗ್ ಹಾಳೆ, ಹಲಗೆ, ಗಾರೆ ಕೆಲಸದವರ ತೂಕದ ಗುಂಡು. ಹಲಗೆಯ ಮೇಲೆ ತಟ್ಟೆಯಲ್ಲಿ ನೀರಿಟ್ಟು ನಾಲ್ಕು ಕಡೆಯೂ ಮಟ್ಟ ನೋಡಿ, ತಗ್ಗಿದ ಕಡೆ ಕಾಗದ ಮಡಚಿ ತುರುಕಿ. ಪೈಪು ನಿಲ್ಲಿಸಿ ಗುಂಡಿನ ದಾರವನ್ನು ಎರಡು ಬದಿಯಿಂದ ಹಿಡಿದು ನೋಡಿ. ಇಲ್ಲಿ ಒಂದೇ ಡಿಗ್ರಿ ವಾಲಿದರೂ ಅಡಿ ಉದ್ದದ ಪೈಪಿಗೆ ಅರ್ಧ ಸೆಂಟಿಮೀಟರ್ ನೆರಳು ಉಳಿದು, ‘ನೆರಳು ಹೋಗಲೇ ಇಲ್ಲ’ ಎಂದು ಮಕ್ಕಳು ಸಪ್ಪಗಾಗುತ್ತಾರೆ. ಹನ್ನೊಂದು ಮುಕ್ಕಾಲಿಗೆ ಶುರು ಮಾಡಿ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚುಕ್ಕೆ ಇಟ್ಟು ಹೊತ್ತು ಬರೆಯಿರಿ. ಚುಕ್ಕೆ ಇಡಲು ಒಬ್ಬ ಹೋದರೆ ಮಿಕ್ಕವರು ಹೊಂಗೆ ಮರದ ಕೆಳಗೆ ಕೂತಿರಲಿ. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಎಲ್ಲರನ್ನೂ ಕರೆಯಿರಿ. ನೆರಳು ಪಶ್ಚಿಮದಿಂದ ಸರಿಯುತ್ತಾ ಪೈಪಿನ ಬುಡಕ್ಕೆ ಬಂದು, ಅದರೊಳಗೇ ಇಂಗಿ, ಕೆಲವು ನಿಮಿಷದ ಮೇಲೆ ಪೂರ್ವದ ಕಡೆ ಮೊಳೆಯುತ್ತದೆ. ಪೈಪಿನ ತೂತಿನೊಳಗೆ ಬೆಳಕಿನ ದುಂಡು ಬಿಲ್ಲೆ ತಳದಲ್ಲಿ ಕೂತಿರುವುದನ್ನು ಆಗ ಕಾಣಬಹುದು. ಪೈಪಿನಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಲು ಯಾರನ್ನೂ ಬಿಡಬೇಡಿ. ಮೋಡ ಕವಿದರೆ ಮರುದಿನ ಮಾಡಿ, ಅಡಿ ಪೈಪಿಗೆ ಒಂದೆರಡು ಮಿಲಿಮೀಟರ್ ವ್ಯತ್ಯಾಸವಷ್ಟೆ. ಎರಡನೇ ಅವಕಾಶ ಆಗಸ್ಟ್ 17ರ ಆಸುಪಾಸಿಗೆ ಬರುತ್ತದೆ, ಆದರೆ ಅದು ಮಳೆಗಾಲ.

ಅದೇ ಹದಿಮೂರರ ಲೆಕ್ಕ ರಾತ್ರಿಯೂ ಕೆಲಸಕ್ಕೆ ಬರುತ್ತದೆ. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿ. ಉತ್ತರದಲ್ಲಿ ಧ್ರುವ ನಕ್ಷತ್ರ ನೆಲದಂಚಿನಿಂದ ಒಂದೂಕಾಲು ಮುಷ್ಟಿಗಿಂತ ತುಸುವೇ ಮೇಲೆ ಇರುತ್ತದೆ, ಏಕೆಂದರೆ ಊರಿನ ಅಕ್ಷಾಂಶ ಎಷ್ಟೋ ಅದರ ಎತ್ತರವೂ ಅಷ್ಟೇ. ಸಪ್ತರ್ಷಿ ಮಂಡಲದ ಮೊದಲ ಎರಡು ನಕ್ಷತ್ರ ಹಿಡಿದು ಗೆರೆ ಎಳೆದರೆ ಅದರ ಮೇಲೆ ಬೀಳುತ್ತದೆ. ಮೇ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣದಲ್ಲಿ ಒಂದೂವರೆ ಮುಷ್ಟಿ ಎತ್ತರಕ್ಕೆ ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ದೆಹಲಿಯವರಿಗೆ ಸಿಗದ ನೋಟ ಇದು. ದಕ್ಷಿಣಕ್ಕೆ ಬೆಟ್ಟ ಅಡ್ಡ ಬರುವ ಊರಿನವರು ಬಯಲಿನ ಕಡೆ ಕೆರೆ ಏರಿಗೆ ಹೋಗಬೇಕು. ಪಂಚಾಯಿತಿ ಆ ಬದಿಯ ಬೀದಿದೀಪವನ್ನು ಒಂದು ಗಂಟೆ ಆರಿಸಿಕೊಟ್ಟರೆ ದೊಡ್ಡ ಉಪಕಾರ. ಹುಣ್ಣಿಮೆಯ ವಾರ ಬಿಟ್ಟು ದಿನ ಗೊತ್ತು ಮಾಡಿ. ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿ, ಏರಿಯ ನೀರಿನ ಬದಿಗೆ ಹಗ್ಗ ಎಳೆದು ಒಬ್ಬರನ್ನು ನಿಲ್ಲಿಸಿ. ಹುಲ್ಲಿಗೆ ಇಳಿಯುವುದು ಬೇಡ, ಹಾವಿನ ಕಾಲ.

ಸಂಜೆಯ ಕಾರ್ಯಕ್ರಮ ಯಾವುದೇ ಇರಲಿ, ಬೆಟ್ಟದ ಮೇಲೆ ಇಡಬೇಡಿ. ಭರಣಿ, ಕೃತ್ತಿಕೆ ಮಳೆ ಬರುವುದು ಮಧ್ಯಾಹ್ನ ಮೂರರ ಮೇಲೆ, ಗುಡುಗು ಸಿಡಿಲಿನೊಡನೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಕೇಳಿಸಿದರೆ ಆಟ ನಿಲ್ಲಿಸಿ ಬಾಗಿಲು ಕಿಟಕಿಯಿರುವ ಕಟ್ಟಡಕ್ಕೆ ಹೋಗಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಬರಬಾರದು. ಒಂಟಿ ಮರ, ತೆರೆದ ಮಂಟಪ, ತಗಡಿನ ಶಾಮಿಯಾನ ಇವು ಆಸರೆಯಲ್ಲ.

ಶಾಲೆಯ ಜಗಲಿಯ ಮೇಲೆ ಆಟಕ್ಕೆ ಹಿರಿಯರನ್ನು ಕರೆಯಿರಿ. ಚೌಕಾಬಾರಕ್ಕೆ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಹುಲಿ-ಕುರಿ ಆಟಕ್ಕೆ ಮೂರು ಹುಲಿ, ಹದಿನೈದು ಕುರಿ, ಕಾಯಿಗೆ ಹುಣಸೆಬೀಜ, ಬೆಣಚುಕಲ್ಲು ಸಾಕು. ಊರಿಂದೂರಿಗೆ ನಿಯಮ ಬೇರೆ, ಅದರ ಜಗಳ ತೀರಿಸಲು ತಾತಂದಿರೇ ಬೇಕು. ಲಗೋರಿ, ಚಿನ್ನಿದಾಂಡು ಬೇರೆ ಬಯಲಿನಲ್ಲಿ ಆಡಿಸಿ, ಚಿನ್ನಿ ಹಾರಿ ನೋಡುವವರ ಕಣ್ಣಿಗೆ ತಾಗುವುದೇ ಹೆಚ್ಚು.

ಕುಡಿಯಲು ಬಾಟಲಿಯ ಬಣ್ಣದ ನೀರು ತರಿಸಬೇಡಿ. ಐವತ್ತು ಜನಕ್ಕೆ ಹತ್ತು ಲೀಟರ್ ಲೆಕ್ಕ. ಮಜ್ಜಿಗೆಗೆ ಎರಡು ಲೀಟರ್ ಮೊಸರು, ಎಂಟು ಲೀಟರ್ ನೀರು. ಪಾನಕಕ್ಕೆ ಒಂದೂಕಾಲು ಕೆಜಿ ಬೆಲ್ಲ, ಹತ್ತು ಹನ್ನೆರಡು ನಿಂಬೆಹಣ್ಣು, ಏಲಕ್ಕಿ, ಶುಂಠಿ. ಬೆಲ್ಲ ಕರಗಿಸಿ ಶೋಧಿಸದಿದ್ದರೆ ತಳದಲ್ಲಿ ಮಣ್ಣು ಸಿಗುತ್ತದೆ. ರಾಗಿ ಅಂಬಲಿ ಮಾಡುವವರು ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿಕೊಂಡೇ ಕುದಿಯುವ ನೀರಿಗೆ ಬಿಡಬೇಕು, ಇಲ್ಲದಿದ್ದರೆ ಗಂಟು. ಪೂರ್ತಿ ಆರಿದ ಮೇಲೆ ಮಜ್ಜಿಗೆ, ಬಿಸಿಗೆ ಸುರಿದರೆ ಒಡೆಯುತ್ತದೆ.

ಬೀಜದುಂಡೆ ಕಟ್ಟುವುದು ಈಗ ಎಲ್ಲ ಶಿಬಿರದಲ್ಲೂ ಇದೆ, ಆದರೆ ಅರ್ಧಕ್ಕರ್ಧ ವ್ಯರ್ಥವಾಗುತ್ತದೆ. ಐದು ಪಾಲು ಜರಡಿ ಹಿಡಿದ ಕೆಮ್ಮಣ್ಣು, ಮೂರು ಪಾಲು ಕಳಿತ ಗೊಬ್ಬರ, ಚಪಾತಿ ಹಿಟ್ಟಿನ ಹದ, ನಿಂಬೆಹಣ್ಣಿನ ಗಾತ್ರ, ಒಳಗೆ ಒಂದೆರಡು ಹೊಂಗೆ, ಹುಣಸೆ ಅಥವಾ ಸೀತಾಫಲದ ಬೀಜ. ನೆರಳಲ್ಲಿ ಎರಡು ಮೂರು ದಿನ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ. ಬೇವಿನ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹೋದ ವರ್ಷದ್ದು ಹಾಕಬೇಡಿ. ಎಲ್ಲಕ್ಕಿಂತ ದೊಡ್ಡ ತಪ್ಪು, ಫೋಟೊಗಾಗಿ ಏಪ್ರಿಲ್‌ನಲ್ಲೇ ಬೆಟ್ಟಕ್ಕೆ ಎಸೆಯುವುದು. ಮೊದಲ ಮಳೆಗೆ ಮೊಳೆತು, ನಂತರದ ಹದಿನೈದು ದಿನದ ಬಿಸಿಲಿಗೆ ಸುಟ್ಟುಹೋಗುತ್ತದೆ. ಗೋಣಿಚೀಲದಲ್ಲಿ ಶಾಲೆಯಲ್ಲೇ ಇಟ್ಟು, ಜೂನ್‌ನಲ್ಲಿ ಮಳೆ ಚೆನ್ನಾಗಿ ಹಿಡಿದ ಮೇಲೆ ಅರಣ್ಯ ಇಲಾಖೆಯವರು ತೋರಿಸಿದ ಕಡೆ ಬಂಡೆ ಸಂದಿಯ ಮಣ್ಣಿಗೆ ಮಕ್ಕಳೇ ಇಡಲಿ.

ದೇವರಾಯನದುರ್ಗದ ನಾಮದ ಚಿಲುಮೆ, ಮಧುಗಿರಿಯ ಏಕಶಿಲೆ, ಕೋಲಾರದ ಅಂತರಗಂಗೆ ಸುತ್ತಲಿನವರೂ ಹೊತ್ತು, ನೀರು, ಸಿಡಿಲು, ಜೇನಿನ ಈ ಲೆಕ್ಕವನ್ನು ಹಾಗೆಯೇ ಬಳಸಬಹುದು. ನಂದಿ ಹೋಬಳಿಯ ಪಂಚಾಯಿತಿಗಳಲ್ಲಿ ನಮ್ಮ ಕೋರಿಕೆ ಇಷ್ಟು: ಮಾರ್ಚ್ ತಿಂಗಳ ಸಭೆಯಲ್ಲೇ ದಿನಗಳನ್ನು ಗೊತ್ತು ಮಾಡಿ, ಪರೀಕ್ಷೆ ಮುಗಿದು ಮಕ್ಕಳು ಅಜ್ಜಿ ಊರಿಗೆ ಹೊರಡುವ ಮೊದಲು ಅರಿವು ಕೇಂದ್ರದ ಬಾಗಿಲಿಗೆ ಪಟ್ಟಿ ಅಂಟಿಸಿ. ಏಪ್ರಿಲ್ 25ರಂದು ಹನ್ನೊಂದು ಮುಕ್ಕಾಲಿಗೆ ಮೊದಲೇ ಶಾಲೆಯ ಬಯಲಿನ ಬೀಗ ತೆಗೆದಿರಲಿ.

ಇತಿ,
ಬೆಟ್ಟದ ತಪ್ಪಲಿನ ಪೋಷಕರು ಮತ್ತು ನಿವೃತ್ತ ಶಿಕ್ಷಕರು
ನಂದಿ ಹೋಬಳಿ, ಚಿಕ್ಕಬಳ್ಳಾಪುರ ತಾಲ್ಲೂಕು